ಗಾಡಿಯ ದಕ್ಷತೆ ಅಳೆಯಾಕೆ ಹೋಗಿ

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ನನ್ನ ಹೆಂಡತಿ ದಿನಾ ಕೇಳುವುದು ಒಂದೇ ಪ್ರಶ್ನೆ: "ಇವತ್ತೇನಾತು?" ಏನಾದರೂ ಆಗಿಯೇ ಇರುತ್ತದೆ ಅಂತ ಅವಳಿಗೆ ಖಾತ್ರಿ. "ಏನೂ ಆಗ್ಲಿಲ್ಲ ಕಣೆ, ಸುಮ್ನೆ ಹೋದೆ, ಸುಮ್ನೆ ಬಂದೆ" ಅಂತ ಒಂದು ದಿನವಾದರೂ ಹೇಳಬೇಕು ಅನ್ನೋದು ನನ್ನ ಆಸೆ. ಈ ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು, ಆ ಭಾಗ್ಯ ಇನ್ನೂ ಬಂದಿಲ್ಲ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಮಾಲು ಕಳಿಸುವವರನ್ನೂ ಗಾಡಿ ಇಟ್ಟುಕೊಂಡವರನ್ನೂ ಫೋನಿನೊಳಗೇ ಗಂಟು ಹಾಕುವ ಒಂದು ಕಂಪನಿ ಇದೆ. ಇಂಥದ್ದಕ್ಕೆ ಲಾಜಿಸ್ಟಿಕ್ಸ್ ಪ್ಲಾಟ್‌ಫಾರ್ಮ್ ಅನ್ನುತ್ತಾರೆ. ಆ ಕಂಪನಿಯ ಗಾಡಿಗಳು ಎಷ್ಟು ಚುರುಕಾಗಿವೆ, ಎಲ್ಲೆಲ್ಲಿ ಹೊತ್ತು ಹಾಳು ಮಾಡುತ್ತವೆ ಅಂತ ಅಳೆಯುವವನು ನಾನು. ಕೈಗೊಂದು ಟ್ಯಾಬ್ ಕೊಟ್ಟಿದ್ದಾರೆ. ಗಾಡಿ ನಿಂತರೆ ಒತ್ತಬೇಕು, ಹೊರಟರೆ ಒತ್ತಬೇಕು, ಮಾಲು ಹತ್ತಿದರೆ ಒತ್ತಬೇಕು, ಇಳಿದರೆ ಒತ್ತಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕು ತಾಲ್ಲೂಕು ನನ್ನ ಪಾಲಿಗೆ. ಮೊದಲು ನಾನು ಹೊನ್ನಾಳಿಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಫೋನಿನಲ್ಲೇ ಲಾರಿ ಸಿಗಲು ಶುರುವಾದ ಮೇಲೆ ಆ ಆಫೀಸಿಗೆ ಬೀಗ ಬಿತ್ತು. ಬೀಗ ಹಾಕಿಸಿದವರ ಹತ್ತಿರವೇ ಹೋಗಿ ಕೆಲಸ ಕೇಳಿದೆ. ಏನು ಮಾಡೋದು, ಹೊಟ್ಟೆಪಾಡು.

ನಾನು ಕೂರುವುದು ಜಗಳೂರಿನ ಒಬ್ಬ ಡ್ರೈವರನ ಪಿಕಪ್ ಗಾಡಿಯಲ್ಲಿ. ನನಗಿಂತ ಆರೇಳು ವರ್ಷ ಚಿಕ್ಕವನು. ಹದಿನಾಲ್ಕು ವರ್ಷ ಖಾಸಗಿ ಬಸ್ಸು ಓಡಿಸಿ, ಮಾಲೀಕನ ಬೈಗುಳ ತಿಂದು ತಿಂದು ಸಾಕಾಗಿ, ಸ್ವಂತ ಗಾಡಿ ಮಾಡಿಕೊಂಡು ಕಂಪನಿಗೆ ಸೇರಿದವನು. ಚಿನ್ನದಂಥ ಮನುಷ್ಯ. ಒಂದೇ ದೋಷ, ನಿಧಾನ. ರಸ್ತೆಯಲ್ಲಿ ಕೋಳಿ ದಾಟುತ್ತಿದ್ದರೂ ಅದು ಆ ಕಡೆ ಮುಟ್ಟಿ ರೆಕ್ಕೆ ಕೊಡವುವ ತನಕ ಕಾಯುತ್ತಾನೆ.

ಕಂಪನಿ ಪ್ರತಿ ಗಾಡಿಗೂ ತಿಂಗಳಿಗೊಮ್ಮೆ ಅಂಕ ಕೊಡುತ್ತದೆ. ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಮೂರು ತಿಂಗಳು ಒಂದೇ ಸಮ ಫೇಲಾದರೆ ಐಡಿ ಬಂದ್, ಆಮೇಲೆ ಆ ಗಾಡಿಗೆ ಬಾಡಿಗೆಯ ಕರೆಯೇ ಬರುವುದಿಲ್ಲ. ನಮ್ಮ ಡ್ರೈವರು ಆಗಲೇ ಎರಡು ತಿಂಗಳು ಫೇಲಾಗಿದ್ದ. ಇನ್ನೊಂದು ಸಲ ಫೇಲಾದರೆ ಅದೇ ಬಸ್ ಮಾಲೀಕನ ಬಾಗಿಲಿಗೆ ಹೋಗಿ ಕೈಕಟ್ಟಿ ನಿಲ್ಲಬೇಕು. ಈಗ ಹೇಳುವುದೆಲ್ಲ ಆ ಮೂರನೇ ತಿಂಗಳಲ್ಲಿ ನಡೆದದ್ದು. ಅಂಕ ಹಾಕುವ ಕೈ ನನ್ನದು. ಎಡಗಡೆ ಸೀಟಿನಲ್ಲಿ ಕೂತು ಅವನ ಬುತ್ತಿಯ ರೊಟ್ಟಿ ತಿನ್ನುತ್ತಾ ಅವನಿಗೇ ಕೆಂಪು ಗುರುತು ಹಾಕಬೇಕು. ನನಗೆ ನಿಜವಾಗಿಯೂ ನಾಚಿಕೆ ಆಗುತ್ತಿತ್ತು.

ಹನ್ನೊಂದು ಪಂಚರ್

ಗಾಡಿ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಟ್ಯಾಬ್ ಕಾರಣ ಕೇಳುತ್ತದೆ. ಕಾರಣ ನಾವು ಬರೆಯುವ ಹಾಗಿಲ್ಲ. ಅದರ ಪಟ್ಟಿಯಲ್ಲಿರುವ ನಾಲ್ಕರಲ್ಲಿ ಒಂದನ್ನು ಒತ್ತಬೇಕು: ಟ್ರಾಫಿಕ್, ಡೀಸೆಲ್, ಅಪಘಾತ, ಪಂಚರ್.

ಚನ್ನಗಿರಿ ಕಡೆ ಸುಗ್ಗಿಯ ಹೊತ್ತಿನಲ್ಲಿ ಗಾಡಿ ಯಾಕೆ ನಿಲ್ಲುತ್ತದೆ ಅಂತ ಆ ಪಟ್ಟಿ ಮಾಡಿದವರಿಗೆ ಎಲ್ಲಿಂದ ಗೊತ್ತಾಗಬೇಕು? ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಲು ಹರವಿರುತ್ತಾರೆ. ಉಳಿದ ಅರ್ಧದಲ್ಲಿ ಎದುರಿನಿಂದ ಟ್ರ್ಯಾಕ್ಟರು ಬರುತ್ತಿರುತ್ತದೆ. ಕಾಳಿನ ಮೇಲೆ ಗಾಡಿ ಹತ್ತಿಸಲು ನಮ್ಮವನಿಗೆ ಮನಸ್ಸು ಬಾರದು. "ಅನ್ನ ಅದು, ಹೆಂಗೆ ತುಳಿಯಾಕಾಗ್ತೈತೆ ಅಣ್ಣಾ" ಅನ್ನುತ್ತಾನೆ. ಸರಿ, ಕಾರಣ ಏನು ಹಾಕೋದು? ಟ್ರಾಫಿಕ್ ಅಂದರೆ ಟ್ಯಾಬ್ ಮ್ಯಾಪು ನೋಡಿ 'ಇಲ್ಲಿ ಟ್ರಾಫಿಕ್ ಇಲ್ಲ' ಅನ್ನುತ್ತದೆ. ಡೀಸೆಲ್ ಅಂದರೆ ಬಿಲ್ಲು ಕೇಳುತ್ತದೆ. ಅಪಘಾತ ಅಂದರೆ ಬೆಂಗಳೂರಿನಿಂದ ಫೋನು ಬಂದು ಯಾರು ಸತ್ತರು ಅಂತ ವಿಚಾರಿಸುತ್ತಾರೆ. ಉಳಿದದ್ದು ಪಂಚರ್. ಜೋಳಕ್ಕೂ ಪಂಚರ್, ಮದುವೆ ಮೆರವಣಿಗೆಗೂ ಪಂಚರ್, ಗುರುತಿನವರು ಕೈ ಅಡ್ಡ ಹಿಡಿದು ಕ್ಷೇಮ ಸಮಾಚಾರ ಮಾತಾಡಿದರೂ ಪಂಚರ್.

ಒಂದು ವಾರಕ್ಕೆ ಹನ್ನೊಂದು ಪಂಚರ್ ನೋಡಿ ಕಂಪನಿಗೆ ಗಾಬರಿಯಾಯಿತು. ಟೈರು ಪರೀಕ್ಷಿಸಲು ಒಬ್ಬ ಸಾಹೇಬರನ್ನು ಕಾರು ಕೊಟ್ಟು ಕಳಿಸಿತು. ಆ ಸಾಹೇಬರು ಚನ್ನಗಿರಿಯಲ್ಲಿ ನಮ್ಮ ಗಾಡಿಯ ಕೆಳಗೆ ಬಗ್ಗಿ, ನಾಲ್ಕು ಚಕ್ರ ಮುಟ್ಟಿ, ಸ್ಟೆಪ್ನಿಯನ್ನೂ ಉರುಳಿಸಿ ನೋಡಿದರು.

"ಹನ್ನೊಂದು ಪಂಚರ್ ಆಗಿದೆ. ಒಂದೂ ತೇಪೆ ಇಲ್ಲವಲ್ಲ?"

ಡ್ರೈವರು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ನಮ್ ಕಡೆ ಪಂಚರ್ ಹಾಕೋರು ಭಾಳ ನೀಟು ಸಾರ್, ಗುರುತೇ ಸಿಗಲ್ಲ" ಅಂದುಬಿಟ್ಟ.

ಸಾಹೇಬರು ನಂಬಲಿಲ್ಲ. ರಸ್ತೆಯನ್ನೇ ನೋಡುತ್ತೇನೆ ಅಂತ ಕಾರು ಹತ್ತಿ ಮುಂದೆ ಹೊರಟರು. ನಾವು ಹಿಂದೆ. ಮೂರು ಕಿಲೋಮೀಟರು ಹೋಗಿರಲಿಲ್ಲ, ಒಬ್ಬ ಹೆಂಗಸು ಕಾಳು ಎಳೆಯುವ ಹಲಗೆ ಹಿಡಿದು ಕಾರಿಗೆ ಅಡ್ಡ ಬಂದಳು.

"ಅಲ್ಲೇ ನಿಲ್ಸಪ್ಪಾ! ಈಗಿನ್ನೂ ಹರವೀನಿ, ತುಳಿದೀಯ ಮತ್ತೆ!"

ಸಾಹೇಬರು ಹಾರನ್ ಹೊಡೆದರು.

"ಹಾರನ್ ಹೊಡೆದ್ರೆ ಕಾಳು ತಾವೇ ಎದ್ದು ಹೋಗ್ತಾವೇನು? ಸ್ವಲ್ಪ ತಡಕಳ್ರಿ, ಒಂದು ಕಡೆ ಮಾಡ್ತೀನಿ."

ಅವಳು ಒಂದು ಕಡೆ ಮಾಡುವುದಕ್ಕೆ ಹದಿನೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಸಾಹೇಬರ ಫೋನು ಕುಂಯ್ ಅಂತು. ಅವರ ಕಾರೂ ಕಂಪನಿಯದೇ, ಅದಕ್ಕೂ ಅದೇ ನಿಯಮ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು. ಆ ಹೆಂಗಸಿನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಪಂಚರ್ ಅಂತ ಒತ್ತಿದರು.

ಅಜ್ಜಿ ಕಣ್ಣು ಮುಚ್ಚಿದ್ದು

ಸಾಹೇಬರು ಹೋದಮೇಲೆ ಟೈರಿನ ಸುದ್ದಿ ಯಾರೂ ಎತ್ತಲಿಲ್ಲ. ತಿಂಗಳ ಅಂಕ ಅರವತ್ತೆಂಟಕ್ಕೆ ಬಂದು ನಿಂತಿತ್ತು. ಇನ್ನೆರಡೇ ಅಲ್ಲವಾ ಅಂತ ನಾವಿಬ್ಬರೂ ಖುಷಿಯಾಗಿ ನ್ಯಾಮತಿ ಕಡೆ ಪಾರ್ಸೆಲ್ ಕೊಡಲು ಹೋದೆವು.

ಪಾರ್ಸೆಲ್ ಕೊಡುವುದಕ್ಕೆ ಕಂಪನಿ ಮೂರು ನಿಮಿಷ ಇಟ್ಟಿದೆ. ಬಾಗಿಲು ತಟ್ಟಬೇಕು, ಕೊಡಬೇಕು, ತಗೊಂಡವರು ಪಾರ್ಸೆಲ್ ಹಿಡಿದು ನಿಂತಿರುವ ಫೋಟೊ ತೆಗೆಯಬೇಕು, ಹೊರಡಬೇಕು. ಗೋವಿನಕೋವಿಯಲ್ಲಿ ಒಬ್ಬ ಅಜ್ಜಿ ಬಾಗಿಲು ತೆಗೆದರು. ಮೊಮ್ಮಗ ಅಜ್ಜಿಯ ಹೆಸರಿಗೆ ಒಂದು ಬಿಸಿನೀರಿನ ಫ್ಲಾಸ್ಕು ತರಿಸಿದ್ದ.

"ಅಜ್ಜೀ, ಹಿಂಗೆ ಹಿಡಕಂಡು ನಿಂತ್ಕಳ್ರಿ, ಫೋಟೊ ತೆಗೀಬೇಕು" ಅಂತ ಡ್ರೈವರು ಹೇಳಿದ. ಅಲ್ಲಿಗೆ ನಮ್ಮ ಕತೆ ಮುಗಿಯಿತು.

"ಫೋಟೊನಾ? ಹಿಂಗಾ? ಮೊದ್ಲೇ ಹೇಳಬಾರ್ದೇನಪ್ಪಾ" ಅಂತ ಅಜ್ಜಿ ಒಳಗೆ ಹೋದರು. ಟ್ಯಾಬಿನಲ್ಲಿ ಗಡಿಯಾರ ಓಡುತ್ತಿತ್ತು. ಒಳಗಿನಿಂದ ಟ್ರಂಕು ತೆಗೆದ ಸದ್ದು ಬಂತು. ಹತ್ತು ನಿಮಿಷದ ಮೇಲೆ ಹಸಿರು ರೇಷ್ಮೆ ಸೀರೆ ಉಟ್ಟು ಬಂದರು. ಬಂದವರು ನೇರ ನಿಂತರಾ? ಇಲ್ಲ. "ನಮ್ಮ ನೆಗೆಣ್ಣಿ ಬಿಟ್ಟು ನಾನೊಬ್ಬಳೇ ಹೆಂಗೆ ನಿಂತ್ಕಳ್ಲಿ, ನಾಳೆ ಮಾತು ಬರ್ತೈತೆ" ಅಂತ ಪಕ್ಕದ ಮನೆಗೆ ಕೂಗಿದರು. ನೆಗೆಣ್ಣಿ ಬಂದರು. ಅವರಿಗೂ ಸೀರೆ ಬದಲಾಯಿಸಬೇಕಿತ್ತು.

"ಅಜ್ಜೀ, ಟೈಮ್ ಆಗ್ತೈತೆ" ಅಂತ ನಾನು ಅಂದೆ.

"ಟೈಮಿಗೇನಪ್ಪ, ಬರ್ತೈತೆ ಹೋಗ್ತೈತೆ. ಕೂತ್ಕ, ಮಜ್ಜಿಗೆ ಕುಡಿ."

ಕುಡಿದೆವು. ನಲವತ್ತನೇ ನಿಮಿಷಕ್ಕೆ ಇಬ್ಬರೂ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ನಡುವೆ ಫ್ಲಾಸ್ಕಿನ ಡಬ್ಬ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತರು. ಡ್ರೈವರು ಫೋಟೊ ತೆಗೆದ. ಅಜ್ಜಿ ಟ್ಯಾಬ್ ಕಸಿದುಕೊಂಡು ನೋಡಿದರು, ಮುಖ ಸಣ್ಣಗಾಯಿತು.

"ನಾನು ಕಣ್ಣು ಮುಚ್ಚೀನಲ್ಲೋ! ಇವಳು ನೋಡು ಹೆಂಗೆ ಚೆಂದಾಗಿ ಬಂದಾಳೆ. ಇನ್ನೊಂದು ತೆಗಿ."

ಒಂದು ಪಾರ್ಸೆಲ್ಲಿಗೆ ಒಂದೇ ಫೋಟೊ, ಎರಡನೆಯದು ತೆಗೆಯಲು ಬರುವುದಿಲ್ಲ ಅಂತ ಇಬ್ಬರೂ ಆಣೆ ಮಾಡಿ ಹೇಳಿ ಬಂದೆವು. ಅಂಕ ಅರವತ್ತೈದಕ್ಕೆ ಇಳಿಯಿತು. ಅಜ್ಜಿಯನ್ನು ಬೈಯಲು ಅವನಿಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ.

ನಾಲ್ಕು ದಿನದ ಮೇಲೆ ಅದೇ ಮನೆಗೆ ಇನ್ನೊಂದು ಪಾರ್ಸೆಲ್ ಬಂತು. ಹೋದರೆ ಅಜ್ಜಿ ಬೆಳಿಗ್ಗೆಯಿಂದಲೇ ರೇಷ್ಮೆ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಮೂರೇ ನಿಮಿಷಕ್ಕೆ ಕೆಲಸ ಮುಗಿಯಿತು. ಒಳಗೇನಿದೆ ಅಂತ ಕೇಳಿದೆ.

"ಅದೇ ಫ್ಲಾಸ್ಕು ಕಣಪ್ಪಾ. ಫೋಟೊ ಇನ್ನೊಂದು ಬೇಕಿತ್ತು, ಅದಕ್ಕೇ ಮೊಮ್ಮಗನ ಕೈಲಿ ಮತ್ತೆ ಹೇಳ್ಸಿದೆ."

ಆರನೆಯವನು

ಬೆಂಗಳೂರಿನಲ್ಲಿ ಕೂತು ನನ್ನ ಲೆಕ್ಕಗಳನ್ನೆಲ್ಲ ನೋಡುವ ಒಬ್ಬ ಮೇಡಮ್ ಇದ್ದಾರೆ. ಕೆಟ್ಟವರಲ್ಲ. ನಾನು ಕಳಿಸಿದ್ದನ್ನು ಪಾಪ ಕೂತು ಓದುತ್ತಾರೆ, ಅದೇ ತೊಂದರೆ.

ಹೊನ್ನಾಳಿಯ ಮಂಡಿಯಲ್ಲಿ ಜೋಳದ ಚೀಲ ಹತ್ತಿಸುತ್ತಿದ್ದರು. ಐದು ಜನ ಹಮಾಲರು. ಒಂದು ಚೀಲಕ್ಕೆ ಎಷ್ಟು ಸೆಕೆಂಡು ಅಂತ ನಾನು ಟ್ಯಾಬ್ ಹಿಡಿದು ನೋಡುತ್ತಾ ನಿಂತೆ. ಹತ್ತು ಚೀಲ ಆಗುವ ತನಕ ಸುಮ್ಮನಿದ್ದರು. ಹನ್ನೊಂದನೇ ಚೀಲಕ್ಕೆ ಅವರಲ್ಲಿ ಹಿರಿಯ ಹಮಾಲ ನನ್ನೆದುರು ಬಂದು ಬೆವರು ಒರೆಸಿಕೊಂಡ.

"ಏನ್ ನೋಡ್ತೀರಿ ಯಜಮಾನ್ರೆ?"

"ಎಷ್ಟು ಬೇಗ ಹತ್ತಿಸ್ತೀರಿ ಅಂತ ಅಳೀತಾ ಇದೀನಿ."

"ಅಳೆಯಾಕೆ ಕೈ ಯಾಕ್ರೀ ಬೇಕು? ಕಣ್ಣಿದ್ರೆ ಸಾಕು. ಕೈ ಖಾಲಿ ಐತಲ್ಲ, ಇತ್ತ ಕೊಡ್ರಿ ಒಂದೀಟು."

ಸುತ್ತ ನಿಂತವರೆಲ್ಲ ನಕ್ಕರು. ಡ್ರೈವರು ಬೇರೆ "ಬ್ಯಾಡಣ್ಣಾ, ನಿಮ್ಮ ಸೊಂಟ" ಅಂದ. ಅದೇ ತಪ್ಪಾಗಿದ್ದು. ಇವನು ನನ್ನನ್ನು ಮುದುಕ ಅಂದುಕೊಂಡಿದ್ದಾನಾ ಅಂತ ರೋಷ ಬಂತು. ಟ್ಯಾಬಿನಲ್ಲಿ ಕೆಲಸಗಾರರು ಐದು ಅಂತ ಇದ್ದದ್ದನ್ನು ನಿಯಮದ ಪ್ರಕಾರ ಆರು ಅಂತ ತಿದ್ದಿ, ಜೇಬಿಗಿಟ್ಟು, ಚೀಲಕ್ಕೆ ಕೈ ಹಾಕಿದೆ. ಮೊದಲನೇ ಚೀಲ ಹೇಗೋ ಹೋಯಿತು. ಎರಡನೆಯದು ನನ್ನನ್ನೇ ಕರೆದುಕೊಂಡು ಹೋಗಿ ಗೋಡೆಗೆ ಒರಗಿಸಿತು. ಮೂರನೆಯದನ್ನು ಕೆಳಗೆ ಹಾಕಿ ಒಡೆದೆ. ಐವರೂ ಕೆಲಸ ಬಿಟ್ಟು ಚೆಲ್ಲಿದ ಕಾಳು ಬಳಿದರು. ಒಬ್ಬ ನನಗೆ ನೀರು ತಂದ, ಇನ್ನೊಬ್ಬ ಬೆನ್ನು ತಿಕ್ಕಿದ. ಗಾಡಿ ಮುಕ್ಕಾಲು ಗಂಟೆ ತಡವಾಯಿತು. ಡ್ರೈವರನ ಅಂಕ ಅರವತ್ತನಾಲ್ಕಾಯಿತು. ಈ ಸಲ ಕಳೆದವನು ನಾನೇ. ಅವನು ನನ್ನ ಸೀಟಿನ ಮೇಲೆ ಗೋಣಿಚೀಲ ಮಡಿಸಿ ಹಾಕಿದ, ಸೊಂಟಕ್ಕೆ ಮೆತ್ತಗಿರಲಿ ಅಂತ. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನದ ಮೇಲೆ ಮೇಡಮ್ ಫೋನು ಮಾಡಿದರು. ಹೊಗಳಲು ಮಾಡಿದ್ದರು.

"ಸರ್, ನಿಮ್ಮ ಹೊನ್ನಾಳಿ ಮಾಹಿತಿ ತುಂಬಾ ಉಪಯೋಗಕ್ಕೆ ಬಂತು. ಐದು ಜನ ಇದ್ದಾಗ ವೇಗ ಬಹಳ ಚೆನ್ನಾಗಿದೆ. ಆರನೆಯವರು ಸೇರಿದ ಕೂಡಲೇ ಪೂರ್ತಿ ಬಿದ್ದುಹೋಗಿದೆ."

"ಹೌದು ಮೇಡಮ್."

"ಯಾರು ಸರ್ ಅವರು? ದಯವಿಟ್ಟು ಅವರನ್ನು ಗಾಡಿಯ ಹತ್ತಿರ ಬಿಟ್ಟುಕೊಳ್ಳಬೇಡಿ."

ಸೊಕ್ಕೆಯ ದೊಡ್ಡ ಗಿರಾಕಿ

ಜಗಳೂರು ತಾಲ್ಲೂಕಿನ ಸೊಕ್ಕೆಗೆ ಪಾರ್ಸೆಲ್ ಒಯ್ಯುವುದೆಂದರೆ ನಮಗೆ ಹಬ್ಬ. ಅಲ್ಲಿ ಮನೆಮನೆ ಸುತ್ತುವ ಕೆಲಸವೇ ಇಲ್ಲ. ಯಾರಿಗೂ ಮನೆ ನಂಬರು ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಊರಿಗೆ ಊರೇ ಬಸ್ಸು ನಿಲ್ಲುವ ಕಡೆಯ ಟೀ ಅಂಗಡಿಯ ವಿಳಾಸ, ಅಂಗಡಿಯವರ ಫೋನ್ ನಂಬರು ಕೊಟ್ಟುಬಿಟ್ಟಿದೆ. ಹಾಕಿದ ಪಾರ್ಸೆಲ್ಲನ್ನೆಲ್ಲ ಅಂಗಡಿಯವರು ಮಂಡಕ್ಕಿ ಚೀಲದ ಪಕ್ಕ ಪೇರಿಸುತ್ತಾರೆ. ಹೊಲಕ್ಕೆ ಹೋಗುವವರು, ಬಸ್ಸು ಇಳಿದವರು ಬಂದು ತಮ್ಮದನ್ನು ಹುಡುಕಿಕೊಳ್ಳುತ್ತಾರೆ. ಒಯ್ಯುವಾಗ ಅವರವರ ಫೋಟೊ ಅಂಗಡಿಯವರೇ ತೆಗೆದು ಕಳಿಸುತ್ತಾರೆ. ನಲವತ್ತು ಪಾರ್ಸೆಲ್ ಐದೇ ನಿಮಿಷದಲ್ಲಿ ಮುಗಿಯುತ್ತದೆ. ಆ ವಾರ ಸೊಕ್ಕೆಯೊಂದರಿಂದಲೇ ಅಂಕ ಅರವತ್ತೊಂಬತ್ತು ಮುಟ್ಟಿತು. ಡ್ರೈವರು ಮಿರ್ಚಿ ಕೊಡಿಸಿದ.

ಕಂಪನಿಯಲ್ಲಿ ಯಾರೋ ಇದನ್ನು ನೋಡಿದರು. ಒಂದೇ ನಂಬರಿಗೆ ತಿಂಗಳಿಗೆ ನೂರಾರು ಪಾರ್ಸೆಲ್! ಸೀರೆ, ಮಿಕ್ಸಿ, ಕೀಟನಾಶಕ ಹೊಡೆಯುವ ಪಂಪು, ಗಂಡಸರ ಚಪ್ಪಲಿ, ಮಕ್ಕಳ ಚಪ್ಪಲಿ, ಎಲ್ಲ ಸೈಜಿನ ಬಳೆ. ಇಷ್ಟು ತರಿಸುವ ಗಿರಾಕಿ ಈ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ ಅಂತ ಮೇಡಮ್ ಅಂಗಡಿಯವರಿಗೆ ತಾವೇ ಫೋನು ಮಾಡಿದರು. ನಾನು ಅಲ್ಲೇ ಟೀ ಕುಡಿಯುತ್ತಿದ್ದೆ. ಅಂಗಡಿಯವರು ಸ್ಪೀಕರಿಗೆ ಹಾಕಿದರು.

"ಸರ್, ನಮ್ಮ ಸೇವೆ ನಿಮಗೆ ಹೇಗೆ ಅನುಕೂಲವಾಗಿದೆ?"

"ಭಾಳ ಅನುಕೂಲ ಆಗೈತೆ ಮೇಡಮ್. ಪಾರ್ಸೆಲ್ ಒಯ್ಯಾಕೆ ಬಂದೋರು ಟೀ ಕುಡೀದೆ ಹೋಗಲ್ಲ."

"ನೀವು ಇತ್ತೀಚೆಗೆ ತರಿಸಿದ್ದರಲ್ಲಿ ಯಾವುದು ತುಂಬಾ ಇಷ್ಟ ಆಯ್ತು?"

"ನಾನಾ? ನಾನೊಂದು ಸೂಜಿನೂ ತರ್ಸಿಲ್ಲ ಮೇಡಮ್. ಎಲ್ಲಿ ಪುರುಸೊತ್ತು, ಇವರ ಪಾರ್ಸೆಲ್ ಕಾಯೋದೇ ಆಗೈತೆ."

ಮೇಡಮ್ ಅದನ್ನು ವಿನಯ ಅಂದುಕೊಂಡರು. ಉತ್ತಮ ಗಿರಾಕಿ ಅಂತ ಅವರ ಹೆಸರಿಗೆ ಒಂದು ಗೋಡೆ ಗಡಿಯಾರ ಕಳಿಸಿದರು. ನಾವೇ ತಂದು, ಹೆಸರು ನೋಡದೆ ಉಳಿದ ಪಾರ್ಸೆಲ್ಲಿನ ಜೊತೆ ಮಂಡಕ್ಕಿ ಚೀಲದ ಪಕ್ಕ ಇಟ್ಟು ಬಂದೆವು. ಅಂಗಡಿಯವರು ದಿನಾ ಅದನ್ನು ಆ ಕಡೆ ಈ ಕಡೆ ಸರಿಸುತ್ತಾ, "ಇದ್ಯಾರ್ದಪ್ಪಾ, ತಗಂಡು ಹೋಗ್ರೋ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ತಮ್ಮ ಹೆಸರಿಗೂ ಒಂದು ಪಾರ್ಸೆಲ್ ಬರಬಹುದು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಫೋಟೊಕ್ಕೆ ನಿಲ್ಲುವವರೂ ಸಿಗದೆ ಏಳು ದಿನ ಕಳೆಯಿತು. ಎಂಟನೇ ದಿನ ಟ್ಯಾಬ್ ತಾನಾಗಿಯೇ ಆ ಪಾರ್ಸೆಲ್ಲನ್ನು ವಾಪಸು ಕರೆಯಿತು. ನಮಗೆ ಮೂರು ಅಂಕ ಹೋಯಿತು, ಅರವತ್ತಾರಕ್ಕೆ ಇಳಿಯಿತು. ಕಾರಣದ ಜಾಗದಲ್ಲಿ ಅದೇ ಬರೆದುಕೊಂಡಿತ್ತು: 'ಈ ವಿಳಾಸದಲ್ಲಿ ಇಂಥ ಗಿರಾಕಿ ಯಾರೂ ಇಲ್ಲ.'

ಇಪ್ಪತ್ತು ಕುರಿ

ತಿಂಗಳ ಕೊನೆಯ ದಿನ. ಅಂಕ ಅರವತ್ತಾರು. ಬೆಳಿಗ್ಗೆ ಗಾಡಿ ಹತ್ತುವಾಗ ಡ್ರೈವರು ಗಡ್ಡ ಕೂಡ ಮಾಡಿಕೊಂಡಿರಲಿಲ್ಲ.

"ಅಣ್ಣಾ, ನಾಳೆಯಿಂದ ನೀವು ಬೇರೆ ಗಾಡಿ ನೋಡ್ಕಬೇಕಾಗ್ತೈತೆ. ಬಸ್ಸಿನ ಮಾಲೀಕ್ರಿಗೆ ನಿನ್ನೆ ಫೋನ್ ಹಚ್ಚಿದ್ದೆ. ಬಾ ನೋಡಾಣ ಅಂದಾರೆ" ಅಂದ. ಅಂದವನು ಕನ್ನಡಿ ಒರೆಸುತ್ತಾ ನಿಂತ. ನನಗೆ ಟ್ಯಾಬನ್ನು ತೆಗೆದು ಕೆರೆಗೆ ಎಸೆಯೋಣ ಅನ್ನಿಸಿತು. ಕೆರೆಯಲ್ಲಿ ನೀರಿರಲಿಲ್ಲ.

ಒಂದೇ ಬಾಡಿಗೆ ಬಂದಿತ್ತು. ಜಗಳೂರಿನ ಪಕ್ಕದ ಹಳ್ಳಿಯಿಂದ ನ್ಯಾಮತಿ ಹತ್ತಿರದ ಒಂದು ತೋಟದ ಮನೆಗೆ ಇಪ್ಪತ್ತು ಕುರಿ, ಸಾಕುವುದಕ್ಕೆ. ಜೀವ ಇರುವ ಮಾಲಿಗೆ ಅಂಕ ದುಪ್ಪಟ್ಟು. ವೇಗವಾಗಿ ಹೋಗಿ ಇಳಿಸಿದರೆ ಎಪ್ಪತ್ತು ಮುಟ್ಟಿದರೂ ಮುಟ್ಟಬಹುದು ಅಂತ ನಾನು ದಾರಿಯಲ್ಲಿ ನೂರು ಸಲ ಹೇಳಿದೆ. "ಇವತ್ತೊಂದು ದಿನ, ದೇವರ ಹೆಸರಲ್ಲಿ, ಕಾಲು ಸ್ವಲ್ಪ ಒತ್ತು ಮಾರಾಯ." ಆಗಲಿ ಅಂತ ಅವನೂ ತಲೆ ಆಡಿಸಿದ.

ಕುರಿ ಹತ್ತಿಸಿದ ಯಜಮಾನರು ಕೊನೆಗೆ ಗಾಡಿಯ ಬಾಗಿಲು ಹಿಡಿದು ಒಂದು ಮಾತು ಹೇಳಿದರು: "ತಮ್ಮಾ, ಒಂದೆರಡು ಗಬ್ಬದವು ಐದಾವೆ. ಎತ್ತಿ ಹಾಕಬ್ಯಾಡ."

ಮುಗಿಯಿತು. ಮೊದಲೇ ನಿಧಾನದವನು, ಈಗ ಬಸುರಿಯರನ್ನು ಕೂರಿಸಿಕೊಂಡವನಂತೆ ಹೊರಟ. ಗುಂಡಿ ಬಂದರೆ ನಿಲ್ಲಿಸಿ, ಯೋಚಿಸಿ, ಇಳಿಸುತ್ತಿದ್ದ. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ಟ್ಯಾಬ್ 'ವೇಗ ಕಡಿಮೆ, ವೇಗ ಕಡಿಮೆ' ಅಂತ ಒಂದೇ ಸಮ ಬಡಿದುಕೊಳ್ಳುತ್ತಿತ್ತು.

"ಲೇ, ನಿನ್ನ ಐಡಿ ಹೋಗ್ತೈತೆ ಕಣೋ!" ಅಂತ ಕಿರುಚಿದೆ.

"ಹೋದ್ರೆ ಹೋಗ್ಲಿ ಬಿಡಣ್ಣಾ. ಅದರ ಹೊಟ್ಟೆ ಕುಲುಕಿ ನಾನು ಪಾಸಾಗ್ಬೇಕಾ?"

ಹೊನ್ನಾಳಿ ದಾಟಿದ ಮೇಲೆ ಹಿಂದಿನಿಂದ ಸಣ್ಣಗೆ 'ಮ್ಯಾ' ಅಂತ ಹೊಸ ದನಿ ಕೇಳಿಸಿತು. ನಿಲ್ಲಿಸಿ ನೋಡಿದರೆ ಒಂದು ಕುರಿ ಮರಿ ಹಾಕಿತ್ತು. ಡ್ರೈವರು ತನ್ನ ಟವೆಲ್ಲಿನಲ್ಲಿ ಮರಿಯನ್ನು ಒರೆಸಿ ತಾಯಿಯ ಮಗ್ಗುಲಿಗೆ ಮಲಗಿಸಿದ. ಅಲ್ಲಿಂದ ಮುಂದೆ ಇನ್ನೂ ನಿಧಾನ.

ತೋಟದ ಮನೆ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಕುರಿ ತರಿಸಿದ್ದ ಅಕ್ಕ ಅಂಗಳದಲ್ಲಿ ಕಾಯುತ್ತಿದ್ದರು. ಕುರಿ ಇಳಿಸಿದ ಮೇಲೆ ಫೋಟೊ ತೆಗೆದರೆ ಟ್ಯಾಬ್ ತಾನೇ ತಲೆ ಎಣಿಸುತ್ತದೆ. ನಾನು ಯೋಚನೆಯಿಲ್ಲದೆ ತೆಗೆದುಬಿಟ್ಟೆ. ಎಣಿಸಿ ಕೆಂಪಗಾಯಿತು: 'ಹತ್ತಿಸಿದ್ದು ಇಪ್ಪತ್ತು, ಇಳಿಸಿದ್ದು ಇಪ್ಪತ್ತೊಂದು. ದೋಷ. ಟ್ರಿಪ್ ಮುಗಿಸಲಾಗದು.' ಮೇಡಮ್ಮಿಗೆ ಫೋನು ಮಾಡಿದೆ.

"ಒಂದು ಹೆಚ್ಚಿಗೆ ಬಂದಿದೆ ಸರ್. ಹೆಚ್ಚಿಗೆ ಬಂದದ್ದನ್ನು ಕಳಿಸಿದವರಿಗೆ ವಾಪಸ್ ಮಾಡಿ."

"ಮೇಡಮ್, ಅದು ಹಾಲು ಕುಡೀತೈತೆ."

"ಪರವಾಗಿಲ್ಲ ಸರ್, ಕುಡಿದು ಮುಗಿಸಲಿ. ಆಮೇಲೆ ವಾಪಸ್ ಮಾಡಿ."

"ಅಲ್ಲ ಮೇಡಮ್, ಈಗ ಹುಟ್ಟಿದ ಮರಿ. ತಾಯಿ ಬಿಟ್ಟು ಹೆಂಗಿರ್ತೈತೆ?"

"ಹಾಗಾದರೆ ತಾಯಿಯನ್ನೂ ವಾಪಸ್ ಮಾಡಿ."

"ಆಗ ಇಲ್ಲಿ ಹತ್ತೊಂಬತ್ತೇ ಉಳೀತಾವೆ."

"ಹೌದಲ್ಲ. ಕಡಿಮೆ ಬಂದರೂ ದೋಷವೇ ಸರ್."

ಅಕ್ಕನಿಗೆ ತಡೆಯಲಾಗಲಿಲ್ಲ. "ಯಾರದು ಫೋನಾಗೆ? ನನ್ನ ಕುರಿ ವಾಪಸ್ ಒಯ್ಯಾಕೆ ಹೇಳ್ತಿರೋದು?" ಅಂತ ಸೊಂಟಕ್ಕೆ ಕೈಯಿಟ್ಟು ಬಂದರು. ಮೇಡಮ್ ಗಾಬರಿಯಾಗಿ, "ಸರ್, ವಿಡಿಯೊ ಆನ್ ಮಾಡಿ, ನಾನೇ ನೋಡ್ತೀನಿ" ಅಂದರು. ಮಾಡಿದೆ. ಕುರಿಯ ಕಡೆ ಹಿಡಿದೆ. ಡ್ರೈವರು ಒಂದು ಕಡೆ ಮಂಡಿಯೂರಿ ಕೂತು ಮರಿಯ ಬಾಯಿಯನ್ನು ಕೆಚ್ಚಲಿಗೆ ಹಿಡಿಸುತ್ತಿದ್ದ. ಐಡಿ ಹೋಗುವ ಮನುಷ್ಯನ ಮುಖ ಅದಲ್ಲ, ಮೊಮ್ಮಗು ಎತ್ತಿಕೊಂಡವನ ಮುಖ.

"ಅಯ್ಯೋ, ಎಷ್ಟು ಚಿಕ್ಕದು!" ಅಂದರು ಮೇಡಮ್. ಅವರ ದನಿಯೇ ಬೇರೆಯಾಗಿತ್ತು. "ಸರ್, ಇದಕ್ಕೊಂದು ದಾರಿ ಹುಡುಕೋಣ. ಇಪ್ಪತ್ತೊಂದು ಅಂತ ನಾನೇ ಇಲ್ಲಿಂದ..."

"ಸ್ವಲ್ಪ ತಡೀರಿ" ಅಂದರು ಅಕ್ಕ. "ಅವಳಿ ಇರ್ಬೇಕು, ಇನ್ನೊಂದು ಬರಾಕತ್ತೈತೆ."

ಬಂತು. ಮೇಡಮ್ ನೋಡುತ್ತಿದ್ದಂತೆ, ಅವರ ಕಣ್ಣೆದುರಿಗೇ ಎರಡನೇ ಮರಿ ಮಣ್ಣಿಗೆ ಜಾರಿತು. ಲೈನು ಕಟ್ಟಾಯಿತಾ ಅಂತ ನೋಡಿದೆ.

"ಮೇಡಮ್?"

"ಈಗ ಎಷ್ಟು ಸರ್?"

"ಇಪ್ಪತ್ತೆರಡು."

"ಇನ್ನೂ... ಬರುತ್ತವಾ?"

"ಇನ್ನೊಂದು ಗಬ್ಬದ್ದು ಐತೆ, ಹೇಳಾಕೆ ಬರಲ್ಲ" ಅಂದರು ಅಕ್ಕ.

"ಸರ್, ಬೇಗ! ಇನ್ನೊಂದು ಬರೋದರೊಳಗೆ ಟ್ರಿಪ್ ಮುಚ್ಚಿ! ಇಪ್ಪತ್ತೆರಡು ಅಂತ ಒತ್ತಿ, ನಾನು ಇಲ್ಲಿಂದ ಒಪ್ಪಿಗೆ ಕೊಡ್ತೀನಿ!"

ಒತ್ತಿದೆ. ಟ್ಯಾಬಿಗೇನು ಗೊತ್ತು, ಅದು ಇಳಿಸಿದ್ದನ್ನು ಹತ್ತಿಸಿದ್ದರಿಂದ ಭಾಗಿಸಿತು. ಇಪ್ಪತ್ತಕ್ಕೆ ಇಪ್ಪತ್ತೆರಡು, ನೂರಕ್ಕೆ ನೂರಹತ್ತು. ಜೀವ ಇರುವ ಮಾಲು, ದುಪ್ಪಟ್ಟು. ತಡವಾದದ್ದಕ್ಕೆ ಅಷ್ಟಿಷ್ಟು ಕಳೆಯಿತು. ಆಮೇಲೆ ಪರದೆ ಹಸಿರಾಯಿತು: ತಿಂಗಳ ಅಂಕ ಎಪ್ಪತ್ತೊಂದು.

ತೋರಿಸಿದೆ. ಡ್ರೈವರು ನೋಡಿದ, ಇನ್ನೊಮ್ಮೆ ನೋಡಿದ, ಅಲ್ಲೇ ಕುರಿಗಳ ನಡುವೆ ನೆಲದ ಮೇಲೆ ಕೂತುಬಿಟ್ಟ. ಮರಿ ಒರೆಸಿದ ಟವೆಲ್ಲಿನಲ್ಲೇ ಮುಖ ಒರೆಸಿಕೊಂಡ. ನನ್ನ ಕಣ್ಣಲ್ಲೂ ನೀರು ಬಂತು, ಯಾಕೆ ಸುಳ್ಳು ಹೇಳಲಿ. ಅಕ್ಕ ನಮ್ಮಿಬ್ಬರನ್ನೂ ನೋಡಿ, "ಕುರಿ ಮರಿ ಹಾಕಿದ್ದಕ್ಕೆ ಗಂಡಸ್ರು ಹಿಂಗೆ ಅಳೋದು ಎಲ್ಲೂ ನೋಡಿಲ್ಲಪ್ಪ" ಅಂತ ಟೀ ಇಡಲು ಹೋದರು.

ವಾರದ ಮೇಲೆ ಕಂಪನಿಯ ಬಹಳ ದೊಡ್ಡ ಸಾಹೇಬರು ಡ್ರೈವರಿಗೆ ನೇರ ಫೋನು ಮಾಡಿದರು. ಹತ್ತಿಸಿದ್ದಕ್ಕಿಂತ ಹೆಚ್ಚು ಇಳಿಸಿದ ಗಾಡಿ ಕಂಪನಿಯಲ್ಲಿ ಇದೊಂದೇ ಅಂತೆ. ಹೇಗೆ ಸಾಧಿಸಿದಿರಿ ಅಂತ ಕೇಳಿದರು.

"ಏನಿಲ್ಲ ಸಾರ್, ಸ್ವಲ್ಪ ನಿಧಾನ ಬಂದೆ, ಅಷ್ಟೇ" ಅಂದ ಇವನು.

ಅವರು ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಎಲ್ಲ ಗಾಡಿಯವರ ಫೋನಿಗೂ ಸಂದೇಶ ಬಂತು. ನೂರಹತ್ತು ಸಾಧ್ಯ ಅಂತ ಜಗಳೂರಿನ ನಮ್ಮ ಡ್ರೈವರ್ ತೋರಿಸಿಕೊಟ್ಟಿದ್ದಾರೆ, ಅವರಿಗೆ ಅಭಿನಂದನೆ, ಮುಂದಿನ ತಿಂಗಳಿಂದ ಎಲ್ಲರೂ ಪಾಸಾಗಲು ಕನಿಷ್ಠ ನೂರಹತ್ತು ತರಬೇಕು.

ಡ್ರೈವರು ಅದನ್ನು ಎರಡು ಸಲ ಓದಿದ. ಫೋನು ಜೇಬಿಗಿಟ್ಟು ಗಾಡಿ ಸ್ಟಾರ್ಟ್ ಮಾಡಿದ.

"ಅಣ್ಣಾ, ಆ ಕುರಿ ಯಜಮಾನ್ರಿಗೆ ಫೋನ್ ಹಚ್ರಿ. ಗಬ್ಬದವು ಇನ್ನೆಷ್ಟು ಉಳಿದಾವೆ ಕೇಳಾಣ."